ಮೂರು ತೂತಿನ ಗುಂಡು ಮತ್ತು ಮೊದಲನೆಯ ಎಲೆ

ರೇವಣಸಿದ್ದಪ್ಪನವರೊಡನೆ ಮೊದಲ ಮಾತುಕತೆಯನ್ನು ಗೊತ್ತುಮಾಡುವುದಕ್ಕೆ ಮೂರು ಸಲ ಫೋನು ಮಾಡಬೇಕಾಯಿತು. ವಿಷಯವೇನೋ ಯಾರಿಗೂ ಅಪಾಯವಿಲ್ಲದ್ದು: ಕಂಪ್ಲಿ ಸೀಮೆಯ ಅಕ್ಕಿ ಗಿರಣಿಗಳ ಚರಿತ್ರೆ. ಎಮ್ಮಿಗನೂರಿನಲ್ಲಿ ತಂದೆಯ ಕಾಲದಿಂದ ನಡೆದುಬಂದ ಗಿರಣಿಯೊಂದರ ಒಡೆಯರಾದ ಅವರು ಮೊದಲ ಕರೆಗೆ ಸಂತೋಷದಿಂದಲೇ ಒಪ್ಪಿದರು. ಎರಡನೆಯ ಕರೆಯಲ್ಲಿ ಷರತ್ತೊಂದು ಬಂತು: "ಹೋದ ಅಕ್ಟೋಬರದ ಬಗ್ಗೆ ಮಾತ್ರ ಏನೂ ಕೇಳಬ್ಯಾಡ್ರಿ." (ಹೋದ ಅಕ್ಟೋಬರಿನಲ್ಲಿ ಏನಾದರೂ ನಡೆದಿರಬಹುದೆಂಬ ಅನುಮಾನ ಆ ಕ್ಷಣದವರೆಗೆ ಯಾವ ಸಂಶೋಧಕನಿಗೂ ಇರಲಿಲ್ಲ.) ಮೂರನೆಯ ಕರೆಯಲ್ಲಿ ದಿನ ನಿಶ್ಚಯವಾಯಿತು: ೨೦೦೮ರ ಜನವರಿಯ ಒಂದು ಸೋಮವಾರ. ಅಂದು ಅವರ ಧರ್ಮಪತ್ನಿ ಗಂಗಾಂಬಿಕಾ ತವರಾದ ಬುಕ್ಕಸಾಗರಕ್ಕೆ ಹೋಗಿರುತ್ತಾರೆಂಬುದೇ ಆ ಆಯ್ಕೆಗೆ ಕಾರಣ.

ಸೋಮವಾರ ಧ್ವನಿಮುದ್ರಣ ಯಂತ್ರವನ್ನು ಮೇಜಿನ ಮೇಲಿಡುವ ಹೊತ್ತಿಗೆ ಗಂಗಾಂಬಿಕಾ ಮೊರದ ತುಂಬ ಅಕ್ಕಿ ಹಿಡಿದು ಎದುರಿಗೇ ಕುಳಿತಿದ್ದರು.

"ನೀ ಬುಕ್ಕಸಾಗರಕ್ಕ ಹೋಗಲಿಲ್ಲೇನು?" ಎಂದು ರೇವಣಸಿದ್ದಪ್ಪ ಕ್ಷೀಣಸ್ವರದಲ್ಲಿ ಕೇಳಿದರು.

"ಯೂನಿವರ್ಸಿಟಿಯೋರು ಬರ್ತಾರಂದ್ರ ಹೆಂಗ ಹೋಗ್ಲಿ? ನೀವು ಅರ್ಧ ಹೇಳ್ತೀರಿ. ಉಳಿದರ್ಧ ಯಾರು ಹೇಳಬೇಕು?"

ಗಿರಣಿಯ ಚರಿತ್ರೆ ಚಹಾ ಆರುವುದರೊಳಗೆ ಮುಗಿದುಹೋಯಿತು. ಉಳಿದದ್ದೆಲ್ಲ ಅಕ್ಟೋಬರು.

ಅಕ್ಟೋಬರು ಹುಟ್ಟಿದ್ದು ಆ ವರ್ಷದ ಯುಗಾದಿಯಂದು. ಬುಕ್ಕಸಾಗರದ ಮಾವನ ಮನೆಯಲ್ಲಿ ಹಬ್ಬದ ಪಂಕ್ತಿಯ ಮೊದಲನೆಯ ಎಲೆ ಹಿರಿಯ ಅಳಿಯನದು. ಆ ಎಲೆಗೆ ಮೊದಲು ಹೋಳಿಗೆ ಬೀಳಬೇಕು, ಆ ಹೋಳಿಗೆಗೆ ಮೊದಲು ತುಪ್ಪ ಬೀಳಬೇಕು, ಆ ಎಲೆಯವರು ಕೈ ತೊಳೆಯುವವರೆಗೆ ಉಳಿದವರು ಏಳಬಾರದು. ಮದುವೆಯಾದಂದಿನಿಂದ ರೇವಣಸಿದ್ದಪ್ಪ ಆ ಸಿಂಹಾಸನವನ್ನು ನಿರಾತಂಕವಾಗಿ ಆಳಿಕೊಂಡು ಬಂದಿದ್ದರು. ಮನೆಯಲ್ಲಿ ಅವರ ಮಾತು ಎಷ್ಟರಮಟ್ಟಿಗೆ ನಡೆಯುತ್ತಿತ್ತು ಎಂಬುದನ್ನು ಇಲ್ಲಿ ದಾಖಲಿಸುವ ಅಗತ್ಯವಿಲ್ಲ. ಬುಕ್ಕಸಾಗರದ ಮೊದಲ ಎಲೆಯ ಮುಂದೆ ಮಾತ್ರ ಅವರು ಚಕ್ರವರ್ತಿ.

ಈ ಸಾಮ್ರಾಜ್ಯದ ಮೇಲೆ ಕಣ್ಣಿಟ್ಟವನು ಷಡ್ಡಕ ಹಂಪೇಶ, ಎಂದರೆ ಗಂಗಾಂಬಿಕಾರ ತಂಗಿಯ ಗಂಡ. ವಡ್ಡು ಎಂಬ ಊರಿನಲ್ಲಿ ಸೇಂಗಾ ಬೆಳೆಯಲು ಒಲ್ಲೆನೆನ್ನುತ್ತಿದ್ದ ಅವನ ಹೊಲವನ್ನು ಅದಿರು ಗುಡ್ಡೆ ಹಾಕುವುದಕ್ಕೆಂದು ಯಾರೋ ಬಾಡಿಗೆಗೆ ಹಿಡಿದಿದ್ದರು. ಅಂದಿನಿಂದ ಹಂಪೇಶನಿಗೆ ನಾಲ್ಕು ಲಾರಿ, ಬಿಳಿಯದೆಂದು ಕೊಂಡು ಒಂದೇ ವಾರದಲ್ಲಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದ ಒಂದು ಕಾರು, ಮತ್ತು ಬೌಲಿಂಗ್ ಎಂಬ ಹವ್ಯಾಸ ಬಂದಿದ್ದವು. ಹೊಸಪೇಟೆಯಲ್ಲಿ ಗಣಿ ಧಣಿಯೊಬ್ಬರು ಹೊಸ ಹೋಟೆಲು ಕಟ್ಟಿಸಿ, ಅದರ ನೆಲಮಾಳಿಗೆಯಲ್ಲಿ ಕನ್ನಡಿಯಂತೆ ಹೊಳೆಯುವ ಉದ್ದನೆಯ ಮರದ ಹಾದಿ ಹಾಸಿಸಿದ್ದರು. ಆ ತುದಿಗೆ ಹತ್ತು ಬಿಳಿ ಗೂಟಗಳು. ಈ ತುದಿಯಿಂದ ಮೂರು ತೂತಿನ ಭಾರದ ಚೆಂಡನ್ನು ಉರುಳಿಸಿ ಅವನ್ನೆಲ್ಲ ಕೆಡವಬೇಕು. ಹಾದಿಯ ಎರಡೂ ಬದಿಗೆ ಚರಂಡಿ; ಅದಕ್ಕೆ ಬಿದ್ದ ಚೆಂಡಿಗೆ ಸೊನ್ನೆ.

ಯುಗಾದಿಯ ಮಧ್ಯಾಹ್ನ ಹಂಪೇಶ ಮನೆಮಂದಿಯನ್ನೆಲ್ಲ ಅಲ್ಲಿಗೆ ಕರೆದೊಯ್ದ. ರೇವಣಸಿದ್ದಪ್ಪನವರ ಮೊದಲ ಚೆಂಡು ಎಡಗಡೆಯ ಚರಂಡಿಗೆ ಹೋಯಿತು, ಎರಡನೆಯದು ಬಲಗಡೆಯದಕ್ಕೆ. ಮೂರನೆಯದು ಬೆರಳಿಗೆ ಸಿಕ್ಕಿಕೊಂಡು, ಅವರನ್ನೂ ಸ್ವಲ್ಪ ದೂರ ಕರೆದುಕೊಂಡು ಹೋಯಿತು.

"ಅಣ್ಣಾರ, ನಿಮ್ಮ ಚೆಂಡಿಗೆ ಚರಂಡಿ ಅಂದ್ರ ಭಾಳ ಪ್ರೀತಿ ನೋಡ್ರಿ," ಎಂದು ಹಂಪೇಶ ನಕ್ಕ. "ಇಂಥೋರು ಮೊದಲನೇ ಎಲಿಗೆ ಕುಂತ್ರ ಆ ಎಲಿಗೆ ಏನು ಮರ್ಯಾದಿ?"

"ಲೇ ಹಂಪೇಶಾ, ಎಲಿಗೂ ಚೆಂಡಿಗೂ ಏನಲೇ ಸಂಬಂಧ?"

"ಐತ್ರಿ. ಎರಡಕ್ಕೂ ಯೋಗ್ಯತೆ ಬೇಕು."

ಜಗಳ ಬುಕ್ಕಸಾಗರದವರೆಗೂ ಕಾರಿನಲ್ಲೇ ಬಂತು. ಅತ್ತೆ ವಿರುಪಮ್ಮನವರಿಗೆ ತಲೆ ಸಿಡಿಯತೊಡಗಿತು. (ಆ ಮನೆಯಲ್ಲಿ ಮಾವನವರು ಅಧ್ಯಕ್ಷರು, ನಿರ್ಣಯಗಳೆಲ್ಲ ಅತ್ತೆಯವರವು.) "ಸಾಕು ಮಾಡ್ರಪಾ! ದಸರಾ ಆದ ಮ್ಯಾಲೆ ಆ ಹೋಟೆಲ್ನಾಗ ಪಂದ್ಯ ಐತಂತಲ್ಲ? ನಮ್ಮನಿಯೋರೊಳಗ ಯಾರು ಭಾಳ ಕೆಡವ್ತೀರೋ ಅವರು ದೀಪಾವಳಿ ಪಾಡ್ಯಕ್ಕ ಮೊದಲನೇ ಎಲಿಗೆ ಕುಂದ್ರಿ. ಸೋತೋರು ಬಡಸ್ರಿ. ಈಗ ಬಾಯಿ ಮುಚ್ಕೊಂಡು ಉಣ್ರಿ."

ಹಿರಿಯ ಅಳಿಯ, ಸೆರಗಿನಂತೆ ಟವೆಲು ಸಿಕ್ಕಿಸಿಕೊಂಡು, ಕಿರಿಯ ಅಳಿಯನಿಗೆ ತುಪ್ಪ ಬಡಿಸುವುದು! ಆ ಚಿತ್ರ ಕಣ್ಣಿಗೆ ಕಟ್ಟಿದಾಗಿನಿಂದ ರೇವಣಸಿದ್ದಪ್ಪನವರಿಗೆ ನಿದ್ರೆ ದೂರವಾಯಿತು.

ಅಭ್ಯಾಸ ಮಾಡೋಣವೆಂದರೆ ಮಳೆಗಾಲದಲ್ಲಿ ಹಂಪಿಗೆ ಪ್ರವಾಸಿಗರು ಬರುವುದು ಕಡಿಮೆಯೆಂದು ಹೋಟೆಲಿನವರು ಜೂನಿನಲ್ಲಿ ಬೌಲಿಂಗ್ ಹಾದಿಗೆ ಬೀಗ ಹಾಕಿದರು. ಇನ್ನು ದಸರೆಗೇ ತೆರೆಯುವುದು. ಹಂಪೇಶ ನಿಶ್ಚಿಂತನಾಗಿ ಕೈಕಟ್ಟಿ ಕುಳಿತ. ಆದರೆ ಜೂನಿಗೆ ಬೀಗ ಬಿದ್ದದ್ದು ಇನ್ನೊಂದಕ್ಕೂ: ಬೇಸಿಗೆ ಬೆಳೆಯ ಭತ್ತ ಮುಗಿದು ಗಿರಣಿ ನಿಂತಿತ್ತು. ಗಿರಣಿಯ ಮುಂದೆ ಭತ್ತ ಒಣಗಿಸುವ ಸಿಮೆಂಟಿನ ಕಣ ಹೊಸ ಬೆಳೆ ಬರುವವರೆಗೆ ಖಾಲಿ ಬಿದ್ದಿರುತ್ತದೆ. ಒಂದು ಬೆಳಗ್ಗೆ ಹಲ್ಲುಜ್ಜುತ್ತ ಅದನ್ನು ನೋಡಿದ ರೇವಣಸಿದ್ದಪ್ಪನವರಿಗೆ ಜ್ಞಾನೋದಯವಾಯಿತು. ಅವರು ಬ್ರಷ್ಷನ್ನು ಬಾಯಲ್ಲಿ ಇಟ್ಟುಕೊಂಡೇ ಕಲ್ಲುಕುಟಿಗನ ಮನೆಗೆ ಹೋದರು.

ಒರಳು ಬೀಸುಕಲ್ಲು ಕಡೆಯುವ ಹೊನ್ನೂರಪ್ಪ ಗಿರಾಕಿಯ ವರ್ಣನೆಯನ್ನು ತಾಳ್ಮೆಯಿಂದ ಕೇಳಿಕೊಂಡ. "ಗುಂಡು ಮಾಡಿಕೊಡ್ತೀನಿ ಸಾವ್ಕಾರ. ಆದ್ರ ಮೂರು ತೂತು ಹಾಕಿ ಯಾವ ಮಸಾಲಿ ರುಬ್ಬಾಕ?"

ವಾರದ ನಂತರ ಬಂದ ಗ್ರಾನೈಟಿನ ಗುಂಡು ಹೋಟೆಲಿನ ಚೆಂಡಿನ ಎರಡರಷ್ಟು ತೂಗುತ್ತಿತ್ತು. ಅದೇ ಲಾಭವೆಂದು ರೇವಣಸಿದ್ದಪ್ಪ ವಾದಿಸಿದರು: ಬಂಡೆ ಎತ್ತಿದ ಕೈಗೆ ಚೆಂಡು ಹೂವಾಗುತ್ತದೆ. ಹತ್ತು ದೊಡ್ಡ ತಂಪುಪಾನೀಯದ ಬಾಟಲಿಗಳಿಗೆ ಗಿರಣಿಯ ನುಚ್ಚು ತುಂಬಿ ಕಣದ ಆ ತುದಿಗೆ ನಿಲ್ಲಿಸಿದರು. ಈಗ ಒಂದೇ ಒಂದು ಸಿಬ್ಬಂದಿಯ ಕೊರತೆ: ಬಿದ್ದ ಬಾಟಲಿ ಎತ್ತಿ ನಿಲ್ಲಿಸಿ, ಗುಂಡನ್ನು ಮರಳಿ ಕಳಿಸುವವರು.

"ನನಗೇನು ಬ್ಯಾರೆ ಕೆಲಸ ಇಲ್ಲೇನ್ರಿ?" ಎಂದರು ಗಂಗಾಂಬಿಕಾ. "ಕಣದಾಗ ಸಂಡಿಗಿ ಹಾಕಬೇಕಂತ ಹಿಟ್ಟು ಕುದಿಸಿ ಇಟ್ಟೀನಿ."

"ಗಂಗಾ, ನಿಮ್ಮ ತವರುಮನಿಯಾಗ ನಿನ್ನ ಗಂಡನ ಎಲಿ ಪ್ರಶ್ನೆ ಐತಿ. ನೀ ಸಂಡಿಗಿ ಅಂತಿ!"

"ಎಲಿ ಯಾರದಾದ್ರೂ ಸಂಡಿಗಿ ಬೇಕೇ ಬೇಕಲ್ಲ?"

ಆದರೂ ಬಂದರು. ಸಂಡಿಗೆಯನ್ನು ಕಣದ ಒಂದು ಮೂಲೆಗೆ ಸರಿಸಿ, ಸೆರಗು ಬಿಗಿದು, ಬಾಟಲಿಗಳ ಹಿಂದೆ ನಿಂತರು.

ಮೊದಲ ವಾರ ಗುಂಡು ಬಾಟಲಿಗಳನ್ನು ಬಿಟ್ಟು ಸಂಡಿಗೆಯ ಮೇಲೆ ಹಾಯಿತು. ಎಲ್ಲಿ ಬಿಟ್ಟರೂ ಅದು ಬಲಕ್ಕೇ ಸರಿಯುತ್ತಿತ್ತು. ಎರಡನೆಯ ವಾರ ರೇವಣಸಿದ್ದಪ್ಪ ಒಂದು ಮಹಾಶೋಧನೆ ಮಾಡಿದರು: ಬಾಟಲಿಗೆ ಗುರಿಯಿಡಲೇಬಾರದು! ಎಡಗಡೆ ದೂರದಲ್ಲಿ ನಿಂತಿದ್ದ ಭತ್ತ ತೂಗುವ ತಕ್ಕಡಿಗೆ ಗುರಿಯಿಟ್ಟು ಬಿಟ್ಟರೆ, ಗುಂಡು ರಾಜಗಾಂಭೀರ್ಯದಿಂದ ಬಾಗುತ್ತ ಬಾಗುತ್ತ ಬಂದು ನಡುವಿನ ಬಾಟಲಿಯನ್ನೇ ಹೊಡೆಯುತ್ತಿತ್ತು. ಹತ್ತೂ ಧರಾಶಾಯಿ.

"ನೋಡಿದೇನು? ಮಣಿಕಟ್ಟಿನಾಗ ಕಲಾ ಐತಿ! ಟೀವಿಯಾಗ ಆಡೋರೂ ಹಿಂಗ ತಿರುವ್ತಾರ!"

"ಕಲಾ ಇದ್ರ ಇರಲಿ. ಸಂಡಿಗಿ ಕಡೆ ತಿರುವಬ್ಯಾಡ್ರಿ."

ರೇವಣಸಿದ್ದಪ್ಪನವರಿಗಿದ್ದ ಒಂದೇ ತಕರಾರು ಗುಂಡು ವಾಪಸು ಬರುವ ರೀತಿಯದು. ಗಂಗಾಂಬಿಕಾ ಅದನ್ನು ಕಣದ ಮೇಲೆ ಬಿಡದೆ, ಮೂಟೆಗಳನ್ನು ಸಾಲಾಗಿ ಇಡಲೆಂದು ಗೋದಾಮಿನ ಗೋಡೆಯುದ್ದಕ್ಕೂ ಹಾಸಿದ್ದ ಕಲ್ಲುಹಾದಿಯ ಮೇಲೆ ಉರುಳಿಸುತ್ತಿದ್ದರು. ಹಿಡಿಯಲು ಹಾದಿಯ ಈ ತುದಿಗೆ ಬಂದು ನಿಂತ ಪತಿಯ ಕಾಲಿನ ಹೆಬ್ಬೆರಳನ್ನು ಅದು ಪ್ರತಿ ಸಲವೂ ತಪ್ಪದೆ ಬಂದು ಮುಟ್ಟುತ್ತಿತ್ತು.

"ಅಯ್ಯಯ್ಯೋ! ಇಷ್ಟು ದೊಡ್ಡ ಕಣ ಬಿಟ್ಟು ಆ ಗೋಡಿ ಪಕ್ಕದಾಗ ಯಾಕ ಉರುಳಿಸ್ತಿ? ಅದೂ ನನ್ನ ಬೆರಳಿಗೇ?"

"ನೀವು ನಿಂತ ಕಡೆಗೆ ಕಳಿಸಬೇಕಲ್ರಿ? ನೀವ ಸರೀರಿ."

ಅವರು ಎಡಕ್ಕೆ ಸರಿದರು. ಗುಂಡು ಎಡಗಾಲಿಗೆ ಬಂತು. ಬಲಕ್ಕೆ ಸರಿದರು, ಬಲಗಾಲಿಗೆ ಬಂತು. ಕಾಲ ಮುಂದೆ ಒಂದು ಇಟ್ಟಿಗೆ ಇಟ್ಟುಕೊಂಡರು. ಇಟ್ಟಿಗೆ ಎರಡು ಹೋಳಾಯಿತು. ಹೀಗೆ ಆಷಾಢ, ಶ್ರಾವಣಗಳು ಉರುಳಿದವು. ಗಣೇಶ ಚೌತಿಯ ಹೊತ್ತಿಗೆ ರೇವಣಸಿದ್ದಪ್ಪ ಹತ್ತಕ್ಕೆ ಹತ್ತು ಕೆಡವುತ್ತಿದ್ದರು. ಅವರ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ಬಂದಿತ್ತು. ಬುಕ್ಕಸಾಗರಕ್ಕೆ ಫೋನು ಮಾಡಿ, ಪಾಡ್ಯದಂದು ತಮ್ಮ ಎಲೆ ಸ್ವಲ್ಪ ದೊಡ್ಡದಿರಲಿ ಎಂದೂ ಹೇಳಿಟ್ಟರು.

ಪಂದ್ಯದ ದಿನ ಹೋಟೆಲಿನಲ್ಲಿ ಅದಿರಿನ ಸಾಹುಕಾರರು, ಲಾರಿಗಳ ಒಡೆಯರು, ಅವರ ಕುಟುಂಬಗಳು ಕಿಕ್ಕಿರಿದಿದ್ದವು. ವಿರುಪಮ್ಮನವರು ಮುಂದಿನ ಸಾಲಿನಲ್ಲೇ ಕುಳಿತರು. ಹಂಪೇಶ ಮೊದಲು ಆಡಿದ. ನಾಲ್ಕು ತಿಂಗಳು ಚೆಂಡು ಮುಟ್ಟದ ಕೈ. ಒಮ್ಮೆ ಐದು, ಒಮ್ಮೆ ಆರು, ಒಮ್ಮೆ ಏಳು ಗೂಟ ಬಿದ್ದವು. ಕೊನೆಯಲ್ಲಿ ಸಾಧಾರಣ ಅಂಕ. ರೇವಣಸಿದ್ದಪ್ಪನವರಿಗೆ ಅವನ ಮೇಲೆ ಕನಿಕರ ಹುಟ್ಟಿತು.

ಅವರು ಚೆಂಡನ್ನು ಎತ್ತಿದರು. ಹೂವೇ! ತಕ್ಕಡಿ ಇರಬೇಕಾಗಿದ್ದ ಜಾಗವನ್ನು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡು, ಎಡಕ್ಕೆ ಗುರಿಯಿಟ್ಟು, ಮಣಿಕಟ್ಟಿನ ಕಲೆಯನ್ನೆಲ್ಲ ಧಾರೆಯೆರೆದು ಬಿಟ್ಟರು. ಬಿಟ್ಟ ಕೂಡಲೇ ಗೂಟಗಳಿಗೆ ಬೆನ್ನು ತಿರುಗಿಸಿ ಸಭೆಗೆ ಕೈಮುಗಿದರು. ಸಭೆ ಘೊಳ್ಳೆಂದಿತು. ಚೆಂಡು ಬಾಗಲೇ ಇಲ್ಲ. ಎಡಕ್ಕೆ ಬಿಟ್ಟದ್ದು ಎಡಕ್ಕೇ ಹೋಗಿ ಚರಂಡಿಯಲ್ಲಿ ಕಣ್ಮರೆಯಾಗಿತ್ತು.

ಎರಡನೆಯದೂ ಹಾಗೆಯೇ. ಬಲಕ್ಕೆ ಬಿಡಬೇಕೆಂದು ಬುದ್ಧಿ ಹೇಳುತ್ತಿತ್ತು. ಆದರೆ ಮಳೆಗಾಲವಿಡೀ ತಕ್ಕಡಿಯನ್ನು ನೋಡಿದ ಕೈ ಬುದ್ಧಿಯ ಮಾತು ಕೇಳಲಿಲ್ಲ. ಅರ್ಧ ಆಟ ಮುಗಿಯಿತು. ಅಂಕ ತೋರಿಸುವ ಪರದೆಯ ಮೇಲೆ ಸೊನ್ನೆಗಳು ಮುತ್ತಿನ ಸರದಂತೆ ಶೋಭಿಸಿದವು.

"ಅಣ್ಣಾರ, ತುಪ್ಪದ ಗಿಂಡಿ ಹಿಡಿಯೋದನ್ನ ಈಗಿಂದ ರೂಢಿ ಮಾಡ್ಕೊಳ್ರಿ!"

ರೇವಣಸಿದ್ದಪ್ಪ ಬೆವರು ಒರೆಸಿಕೊಳ್ಳುತ್ತ ಹೆಂಡತಿಯ ಬಳಿ ಬಂದರು. "ಈ ಹಾದಿಯಾಗ ಏನೋ ಮೋಸ ಐತಿ ಗಂಗಾ. ಚೆಂಡು ತಿರುಗವಲ್ಲದು."

"ಹೆಂಗ ತಿರುಗೀತ್ರಿ? ಇದು ಸಪಾಟ ಐತಿ."

"ನಮ್ಮ ಕಣ ಸಪಾಟ ಇಲ್ಲೇನು?"

ಗಂಗಾಂಬಿಕಾ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಮಳಿ ಬಂದ್ರ ಭತ್ತ ತೊಯ್ದೀತು, ನೀರು ನಿಲ್ಲಬಾರದು, ಬಲಗಡೆ ಮೋರಿಗೆ ಹರಿದು ಹೋಗಬೇಕು ಅಂತ ಗೌಂಡಿ ತಲಿ ಮ್ಯಾಲೆ ಕುಂತು ಇಳಿಜಾರು ಹಾಕಿಸಿದೋರು ಯಾರು? ನೀವಲ್ಲೇನ್ರಿ? ಗುಂಡು ಮೋರಿಗೆ ಹೋದೀತಂತನ ನಾನು ಗೋಡಿ ಪಕ್ಕದ ಸಪಾಟ ಕಲ್ಲಿನ ಮ್ಯಾಲೆ ಉರುಳಿಸ್ತಿದ್ದೆ."

ರೇವಣಸಿದ್ದಪ್ಪ ಕುರ್ಚಿಯ ಮೇಲೆ ಕುಸಿದರು. ಹೌದು. ನೀರಿಗಾಗಿ ತಾವೇ ಜಗಳವಾಡಿ ಹಾಕಿಸಿದ ಇಳಿಜಾರನ್ನು ತಮ್ಮ ಮಣಿಕಟ್ಟಿನ ಕಲೆಯೆಂದು ನಂಬಿ ಅವರು ಒಂದು ಮಳೆಗಾಲ ಕಳೆದಿದ್ದರು. "ನನ್ನ ಸೊಂಟ ಹಿಡಿದೈತಿ," ಎಂದು ಘೋಷಿಸಿದರು. (ಸೊಂಟ ಸುಸ್ಥಿತಿಯಲ್ಲಿತ್ತು, ಹಿಡಿದದ್ದು ಅಭಿಮಾನ.) ಅಂಥ ಸಂದರ್ಭದಲ್ಲಿ ಉಳಿದ ಸರದಿಯನ್ನು ಮನೆಯವರೊಬ್ಬರು ಆಡಬಹುದೆಂದು ಹೋಟೆಲಿನವರು ತಿಳಿಸಿದರು.

"ಗಂಗಾ, ಸುಮ್ಮನ ನಿಂತು ಉರುಳಿಸಿ ಬಾ. ಆಟ ಮುಗಿದ್ರ ಮನಿಗೆ ಹೋಗೋಣು."

ಗಂಗಾಂಬಿಕಾ ಇಳಕಲ್ ಸೀರೆಯ ಕೆಳಗೆ ಕೆಂಪು ನೀಲಿ ಬಾಡಿಗೆ ಬೂಟು ಹಾಕಿಕೊಂಡು, ಸೆರಗು ಬಿಗಿದು, ಚೆಂಡನ್ನು ಎತ್ತಿದರು. "ಇದೇನ್ರಿ, ಒಳಗ ಏನೂ ಇಲ್ಲೇನು?" ಎಂದು ಅದನ್ನು ಅಲುಗಾಡಿಸಿ ನೋಡಿದರು. ಹಾದಿಯ ಮುಂದೆ ನಿಂತು ಸ್ವಲ್ಪ ತಬ್ಬಿಬ್ಬಾದರು.

"ರೀ, ನೀವು ಆ ತುದಿಗೆ ಹೋಗಿ ನಿಂದ್ರಿ. ಇಲ್ಲಂದ್ರ ನನಗ ಗುರಿ ಸಿಗಂಗಿಲ್ಲ."

"ಅಲ್ಲಿ ನಿಂದ್ರಾಕ ಬಿಡಂಗಿಲ್ಲ ಮಾರಾಯ್ತಿ!"

"ಆತು, ಬಿಡ್ರಿ. ಆ ನಡುವಿಂದನ್ನ ನಿಮ್ಮ ಹೆಬ್ಬೆರಳು ಅಂತ ತಿಳ್ಕೊಂತೀನಿ."

ಚೆಂಡು ಗೆರೆ ಎಳೆದಂತೆ ಹೋಯಿತು. ಹತ್ತು ಗೂಟಗಳೂ ಒಂದೇ ಸದ್ದಿನಲ್ಲಿ ನೆಲಕಚ್ಚಿದವು. ಕುರ್ಚಿಯಲ್ಲಿದ್ದ ರೇವಣಸಿದ್ದಪ್ಪ "ಅಯ್ಯಯ್ಯೋ!" ಎಂದು ಬೂಟಿನೊಳಗಿನ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಮುಂದಿನ ಸರದಿಗೂ ಹತ್ತು, ಅದರ ಮುಂದಿನದಕ್ಕೂ ಹತ್ತು. ಲಾರಿಗಳ ಒಡೆಯರು ಎದ್ದುನಿಂತು ಸಿಳ್ಳೆ ಹೊಡೆದರು. "ಮಸ್ತ್ ಅಕ್ಕಾರ!" ಎಂದು ಯಾರೋ ಕೂಗಿದರು. ಹಂಪೇಶನ ಸಾಧಾರಣ ಅಂಕವನ್ನು ಅರ್ಧ ಆಟದ ಗಂಗಾಂಬಿಕಾ ದಾಟಿ ಮುಂದೆ ಹೋದರು.

ರೇವಣಸಿದ್ದಪ್ಪನವರ ಸೊಂಟ ತತ್‌ಕ್ಷಣ ಗುಣವಾಯಿತು. "ನೋಡಲೇ ಹಂಪೇಶಾ!" ಎಂದು ಹಾರಿದರು. "ಪರದೆ ಮ್ಯಾಲೆ ಹೆಸರು ಯಾರದೈತಿ ಓದು! ರೇವಣಸಿದ್ದಪ್ಪ! ಗೆದ್ದೋರು ಯಾರು? ರೇವಣಸಿದ್ದಪ್ಪ! ಮೊದಲನೇ ಎಲಿ ಯಾರದು?"

"ಅಣ್ಣಾರ, ಇದು ಅನ್ಯಾಯ! ನೀವು ಒಂದೂ ಕೆಡವಿಲ್ಲ!"

"ಗಂಡ ಹೆಂಡ್ತಿ ಬ್ಯಾರೆ ಏನಲೇ?"

ಇಬ್ಬರೂ ನ್ಯಾಯಕ್ಕಾಗಿ ವಿರುಪಮ್ಮನವರತ್ತ ತಿರುಗಿದರು. ವಿರುಪಮ್ಮನವರು ಎಲೆ ಅಡಿಕೆಯನ್ನು ದವಡೆಗೆ ಸರಿಸಿಕೊಂಡು, ಮಗಳ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. "ನಾನು ಯುಗಾದಿಗೇ ಹೇಳೀನಿ. ಯಾರು ಭಾಳ ಕೆಡವ್ತಾರೋ ಅವರ ಎಲಿ. ಉಳಿದೋರಿಬ್ಬರೂ ಬಡಸ್ರಿ. ಹಂಪೇಶಾ, ನಿನಗ ಸಾರು. ದೊಡ್ಡಳಿಯಾರ, ನಿಮಗ ತುಪ್ಪ."

ಈ ಹಂತದಲ್ಲಿ ರೇವಣಸಿದ್ದಪ್ಪ ಧ್ವನಿಮುದ್ರಣ ಯಂತ್ರವನ್ನು ಬಂದ್ ಮಾಡಲು ಕೋರಿದರು. ಗಂಗಾಂಬಿಕಾ ಮೊರವನ್ನು ಕೆಳಗಿಟ್ಟು, ಉಳಿದ ಒಂದೇ ಒಂದು ಸಂಗತಿಯನ್ನು ತಾವೇ ಹೇಳಿ ಬರೆಸಿದರು. ಪತಿಯನ್ನು ಕೇಳಿ ತಾಳೆ ನೋಡಲಾಯಿತು; ಅವರು ನಿರಾಕರಿಸಲಿಲ್ಲ.

೧೦ ನವೆಂಬರ್ ೨೦೦೭, ಶನಿವಾರ, ಬಲಿಪಾಡ್ಯಮಿ, ಬುಕ್ಕಸಾಗರ: ಮೊದಲನೆಯ ಎಲೆಗೆ ಗಂಗಾಂಬಿಕಾ ಕುಳಿತರು, ತುಪ್ಪ ಬಡಿಸಿದವರು ರೇವಣಸಿದ್ದಪ್ಪ, ತುಪ್ಪವು ಹೋಳಿಗೆಯ ಮೇಲೆ ಬೀಳದೆ ಅದರ ಎಡಕ್ಕೆ ಬಿದ್ದಿತು.