ಕಂಪ್ಯೂಟರಿಗೆ ಕೌದಿ ಹೊದಿಸಿದ ಪ್ರಸಂಗ

ಈ ಲೋಕದಲ್ಲಿ ಯಾರ ಯಾರ ಬಾಯಿ ಮುಚ್ಚಿಸಲಾಗದು ಎಂಬುದನ್ನು ನಾನು ಚೆನ್ನಾಗಿ ಬಲ್ಲೆ. ನಮ್ಮ ಓಣಿಯ ಗಂಗಕ್ಕ ಅವರಲ್ಲಿ ಮೊದಲಿನವಳು, ನಾನು ಎರಡನೆಯವನು. ಆದರೆ ಕಂಪ್ಯೂಟರ್ ಎಂಬುದು ಬರೀ ತಗಡಿನ ಡಬ್ಬಿ. ಅದಕ್ಕೆ ನಾಲಿಗೆಯಿಲ್ಲ, ಹಟವಿಲ್ಲ, ಪರವಾಗಿ ಬಂದು ಜಗಳಾಡಲು ತವರಿನವರೂ ಇಲ್ಲ. ಅದರ ಸದ್ದಡಗಿಸುವುದು ಮಧ್ಯಾಹ್ನದ ಊಟಕ್ಕೂ ಚಹಾಕ್ಕೂ ನಡುವೆ ಮುಗಿದುಹೋಗುವ ಕೆಲಸವೆಂದು ನಾನು ನಂಬಿದ್ದೆ. ನಂಬಿ ಸುಮ್ಮನಿದ್ದಿದ್ದರೆ ಚಿಂತೆಯಿರಲಿಲ್ಲ. ಮನೆಯವರೆದುರು ಹೇಳಿಯೂಬಿಟ್ಟೆ.

ನಾನು ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗ ಕಲಿಯುವುದನ್ನು ಬಿಟ್ಟು ಮಂದಿಯ ದನಿ ಕಲಿತವನು. ಹೆಸರು ಶಿವಾನಂದ, ಅಪ್ಪನ ಬಾಯಲ್ಲಿ ಶಿವ್ಯಾ. ಒಮ್ಮೆ ಬಸ್ ಸ್ಟ್ಯಾಂಡಿನ ಕಂಬದ ಮರೆಯಲ್ಲಿ ನಿಂತು, ಕಂಡಕ್ಟರನ ಮೂಗಿನ ದನಿಯಲ್ಲಿ "ಚಿಮ್ಮಡ, ಮಹಾಲಿಂಗಪುರ, ಮುಧೋಳ, ಏರ್ರಿ ಲಗೂನ" ಎಂದು ಕೂಗಿದೆ. ತೇರದಾಳದ ಬಸ್ಸು ಹತ್ತಿ ಕೂತಿದ್ದವರಲ್ಲಿ ಅರ್ಧ ಮಂದಿ ಗಡಬಡಿಸಿ ಇಳಿದರು. ನಿಜವಾದ ಕಂಡಕ್ಟರನಿಗೆ ಮಾತ್ರ ನನ್ನ ಕಲೆ ಅಷ್ಟಾಗಿ ಹಿಡಿಸಲಿಲ್ಲ. ಆತ ಕಂಬದ ಸುತ್ತ ನನ್ನನ್ನು ಅಟ್ಟಿಸಿಕೊಂಡು ಬಂದ.

ಹೀಗಿರುವಾಗ ರೇಡಿಯೋದ ಹಾಸ್ಯ ಕಾರ್ಯಕ್ರಮಕ್ಕೆ ಹೊಸ ಹುಡುಗರು ಬೇಕಾಗಿದ್ದಾರೆ, ಹತ್ತು ನಿಮಿಷ ಮಿಮಿಕ್ರಿ ಮಾಡಿ ಸಿ.ಡಿ.ಯಲ್ಲಿ ಹಾಕಿ ಶನಿವಾರದೊಳಗೆ ಕಳಿಸಬೇಕು ಎಂಬ ಸುದ್ದಿ ಬಂತು. ಅಪ್ಪ ಮಗ್ಗದ ಶೆಡ್ಡಿನಿಂದ ಹೊರಬಂದು, ಹೆಗಲ ಮೇಲಿನ ಟವೆಲ್ಲಿನಿಂದ ಕಿವಿಯೊಳಗಿನ ಹತ್ತಿಯ ನವಿರು ಒರೆಸಿಕೊಳ್ಳುತ್ತ ಒಂದು ಕರಾರು ಹಾಕಿದ.

"ನೋಡ್ಲೇ ಶಿವ್ಯಾ, ರೇಡಿಯೋದವರು ಕರದ್ರ ಛಲೋ ಆತು, ಹೋಗು. ಕರೀಲಿಲ್ಲಂದ್ರ ಆ ಕಂಪ್ಯೂಟರ್ ಮಾರಿ, ಸುಮ್ಕ ಬಂದು ಎರಡು ಮಗ್ಗ ನೋಡ್ಕೊ. ಆಮ್ಯಾಲ ಮಂದಿ ದನಿ ತಗಿಯಂಗಿಲ್ಲ."

"ನಿನ್ನ ದನಿನೂ ತಗಿಯಂಗಿಲ್ಲೇನಪ್ಪಾ?" ಎಂದು ಅವನದೇ ದನಿಯಲ್ಲಿ ಕೇಳಿದೆ.

ಟವೆಲ್ಲು ನನ್ನ ಬೆನ್ನಿನ ಮೇಲೆ ಬಿತ್ತು. ಕರಾರಿಗೆ ಸಹಿಯಾದಂತಾಯಿತು.

ಇನ್ನು ಕಂಪ್ಯೂಟರಿನ ವಿಷಯ. ಅದನ್ನು ಜಮಖಂಡಿಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದೆ. ಬಟನ್ ಒತ್ತಿದರೆ ಮೊದಲು ಕೆಮ್ಮುತ್ತಿತ್ತು, ಆಮೇಲೆ ಗಂಟಲು ಸರಿಪಡಿಸಿಕೊಳ್ಳುತ್ತಿತ್ತು, ಕೊನೆಗೆ ಹಿಟ್ಟಿನ ಗಿರಣಿಯಂತೆ ಶುರುವಿಟ್ಟುಕೊಳ್ಳುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಮಗ್ಗ ಬಡಿಯುವ ಓಣಿಯಲ್ಲಿ ಒಂದು ಫ್ಯಾನಿನ ಸದ್ದು ಯಾರಿಗೆ ಕೇಳುತ್ತದೆ ಎಂದು ನೀವು ಕೇಳಬಹುದು. ಕೇಳುವುದಿಲ್ಲ, ಖರೆ. ಆದರೆ ಮಗ್ಗ ನಡೆಯುವಾಗ ನನ್ನ ಮಿಮಿಕ್ರಿಯೂ ಕೇಳುವುದಿಲ್ಲ. ನಮ್ಮಲ್ಲಿ ಗುಟ್ಟನ್ನು ಸಹ ಕೂಗಿಯೇ ಹೇಳುತ್ತಾರೆ. ಮಗ್ಗ ನಿಂತ ಮೇಲೆ ಸಂಜೆ ಓಣಿಯ ಮಂದಿಯ ಗದ್ದಲ, ರಾತ್ರಿ ಅಪ್ಪನ ನಿದ್ದೆ; ಹಗಲು ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುವುದು ಕರೆಂಟು ಹೋದಾಗ ಮಾತ್ರ. ಕರೆಂಟು ಹೋದರೆ ಕಂಪ್ಯೂಟರೂ ಕಣ್ಣು ಮುಚ್ಚುತ್ತದೆ. ಅದಕ್ಕಾಗಿ ಯು.ಪಿ.ಎಸ್. ಎಂಬ ಬ್ಯಾಟರಿ ಡಬ್ಬಿ ತಂದಿಟ್ಟಿದ್ದೆ. ಕರೆಂಟು ಹೋದ ಮೇಲೂ ಅದು ಹತ್ತು ಹನ್ನೆರಡು ನಿಮಿಷ ಕಂಪ್ಯೂಟರಿನ ಜೀವ ಹಿಡಿದಿಡುತ್ತದೆ. ಆ ಹತ್ತು ಹನ್ನೆರಡು ನಿಮಿಷವೇ ನನ್ನ ಸ್ಟುಡಿಯೋ.

ಮೊದಲ ಸಲ ಕರೆಂಟು ಹೋದಾಗ ಓಡಿಬಂದು ಮೈಕಿನೆದುರು ನನ್ನ ಬತ್ತಳಿಕೆಯನ್ನೆಲ್ಲ ಖಾಲಿ ಮಾಡಿದೆ. ಸಂಜೆ ಅಪ್ಪನನ್ನೂ ಅವ್ವನನ್ನೂ ಕೂಡಿಸಿ ಆ ರೆಕಾರ್ಡಿಂಗ್ ಹಚ್ಚಿದೆ. ಎಲೆ-ಅಡಿಕೆ ಕೇಳಲು ಬಂದಿದ್ದ ಗಂಗಕ್ಕ ಕರೆಯದೆಯೇ ಕೂತಳು.

"ಇದು ಯಾರ ಗಿರಣಿಲೇ?"

"ಗಿರಣಿ ಅಲ್ಲ ಗಂಗಕ್ಕ, ನನ್ನ ಮಿಮಿಕ್ರಿ."

"ಮಿಮಿಕ್ರಿ ಎಲ್ಲೈತಿ? ಗಿರಣಿ ಹಿಂದ ಯಾರೋ ಗೊಣಗಾಕತ್ತಾರಲ್ಲ, ಅದೇನು?"

"ಅದ ನಾನು. ಈಗ ಬರಾಕತ್ತಿದ್ದು ನೀನು, ಬದನೀಕಾಯಿ ಚೌಕಾಶಿ ಮಾಡೂದು."

ಗಂಗಕ್ಕ ಕಿವಿಗೊಟ್ಟು ಕೇಳಿದಳು. ಮುಖ ಬಿಗಿಯಿತು. "ನಾ ಹುಟ್ಟಿದಾಗಿಂದ ಇಷ್ಟ ಸಣ್ಣ ದನಿಲೆ ಮಾತಾಡಿಲ್ಲ" ಎಂದಳು. ಅದು ಸತ್ಯ.

ಅವ್ವ ಒಂದು ದಾರಿ ತೋರಿಸಿದಳು. "ಆ ಡಬ್ಬಿ ಅಡಗಿಮನ್ಯಾಗ ಇಟ್ಟು, ನೀ ಇಲ್ಲಿ ಕುಂತು ಮಾತಾಡು."

"ಮೈಕಿನ ವೈರ್ ಮೊಳ ಉದ್ದನೂ ಇಲ್ಲಬೇ."

"ಹಂಗಾರ ಡಬ್ಬಿ ಇಲ್ಲೇ ಇರ್ಲಿ, ನೀನ ಹೊರಗ ಹೋಗು. ಮನಿಯರೆ ತಣ್ಣಗಿರ್ತೈತಿ."

ಆಗಲೇ ನಾನು ಎದ್ದುನಿಂತು, ಕಂಪ್ಯೂಟರಿನ ಸದ್ದನ್ನು ಒಂದೇ ಮಧ್ಯಾಹ್ನದಲ್ಲಿ ಅಡಗಿಸುವುದಾಗಿ ಘೋಷಿಸಿದ್ದು.

ಸಲಹೆಗಾರನಾಗಿ ಬಂದವನು ನನ್ನ ಗೆಳೆಯ ಬಸ್ಯಾ. ಜಮಖಂಡಿಯಲ್ಲಿ ಕಂಪ್ಯೂಟರ್ ಕೋರ್ಸ್ ಮಾಡಿಬಂದ ಮೇಲೆ ಅವನು ಬಾಗಿಲು ತೆರೆಯುವ ಮೊದಲೂ "ಓಪನ್ ಮಾಡ್ತೀನಿ" ಎನ್ನುತ್ತಿದ್ದ. ಡಬ್ಬಿಯ ಪಕ್ಕೆಯ ತಗಡು ಬಿಚ್ಚಿ, ಒಳಗೆ ಇಣುಕಿ, ವೈದ್ಯರಂತೆ ತಲೆಯಾಡಿಸಿದ.

"ತಗಡು ಅದುರಾಕತ್ತೈತಿ. ಒಳಗ ಮೆತ್ತನ್ನ ಸಾಮಾನ ಅಂಟಸಬೇಕು. ಸೌಂಡ್ ಅದರಾಗ ಹೊಕ್ಕು ಸಾಯ್ತೈತಿ."

"ಮೆತ್ತನ್ನ ಸಾಮಾನ ಎಲ್ಲಿಂದ ತರೂದು?"

"ನಿಮ್ಮ ಶೆಡ್ಡಿನ್ಯಾಗ ನೂಲಿನ ವೇಸ್ಟ್ ಬಿದ್ದೈತಲ್ಲೋ ಮೂಟಿಗಟ್ಲೆ."

ಅಂಟಿಗೂ ದೂರ ಹೋಗಬೇಕಾಗಲಿಲ್ಲ. ನೂಲಿಗೆ ಹಚ್ಚಲೆಂದು ಅಪ್ಪ ಕಾಸಿಟ್ಟಿದ್ದ ಗಂಜಿಯಿತ್ತು. ಇಬ್ಬರೂ ಕೂತು ಡಬ್ಬಿಯ ಒಳಗೋಡೆಗೆಲ್ಲ ಗಂಜಿ ಬಳಿದು, ನೂಲಿನ ಮುದ್ದೆಗಳನ್ನು ಮೆತ್ತಿದೆವು. ಮೆತ್ತಿ ಮುಗಿದಾಗ ಅದು ಕಂಪ್ಯೂಟರಿನಂತಿರಲಿಲ್ಲ, ಗುಬ್ಬಿಯ ಗೂಡಿನಂತಿತ್ತು. ಆದರೆ ಸದ್ದು ಅರ್ಧಕ್ಕರ್ಧ ಇಳಿದಿತ್ತು! ಬಸ್ಯಾ ಜೇಬಿನ ಪೆನ್ನು ತೆಗೆದು ಮತ್ತೆ ಜೇಬಿಗಿಟ್ಟುಕೊಂಡ. ಸಂತೋಷವಾದಾಗ ಅವನು ಹಾಗೆ ಮಾಡುತ್ತಾನೆ.

ಮರುದಿನ ಡಬ್ಬಿಯೊಳಗೆ ಹೊಸದೊಂದು ಸದ್ದು ಹುಟ್ಟಿತು. ಕರ್, ಕರ್, ಕರ್. ಸ್ವಲ್ಪ ವಿರಾಮ. ಮತ್ತೆ ಕರ್, ಕರ್.

ಬಸ್ಯಾ ಡಬ್ಬಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ. "ಹಾರ್ಡ್ ಡಿಸ್ಕ್ ಹೊಂಟೈತಿ" ಎಂದ, ಆಪ್ತರ ಸಾವಿನ ಸುದ್ದಿ ಹೇಳುವ ದನಿಯಲ್ಲಿ.

ತಗಡು ಬಿಚ್ಚಿದೆವು. ಹೊರಟಿದ್ದು ಹಾರ್ಡ್ ಡಿಸ್ಕ್ ಅಲ್ಲ, ಇಲಿ. ಹಿಂಬದಿಯ ತೂತಿನಿಂದ ಒಳಹೊಕ್ಕು, ಮೆತ್ತನೆಯ ಹಾಸಿಗೆಯ ಮೇಲೆ ಕೂತು, ಗೋಡೆಯ ಗಂಜಿಯನ್ನು ಕೆರೆದು ತಿನ್ನುತ್ತಿತ್ತು. ನಮ್ಮನ್ನು ನೋಡಿ ಅದು ಹಾರಿತು. ಅದಕ್ಕಿಂತ ಎತ್ತರಕ್ಕೆ ಬಸ್ಯಾ ಹಾರಿದ. ಇಲಿ ನೇರವಾಗಿ ಗಂಗಕ್ಕನ ಮನೆಗೆ ಹೋಯಿತು. ಅಲ್ಲಿಂದ ಬಂದ ಕೂಗನ್ನು ಕೇಳಿದ ಮೇಲೆ, ಆಕೆಯ ದನಿಯನ್ನು ನಾನು ನಿಜಕ್ಕೂ ಬಹಳ ಸಣ್ಣದಾಗಿ ತೆಗೆದಿದ್ದೆನೆಂದು ಒಪ್ಪಿಕೊಂಡೆ.

ಗಂಜಿ ಕೆರೆದು, ನೂಲು ಕಿತ್ತು, ಡಬ್ಬಿಯನ್ನು ಬತ್ತಲೆ ಮಾಡಿದೆವು. ಗಿರಣಿ ಮತ್ತೆ ಶುರುವಾಯಿತು. ಶುಕ್ರವಾರ ಬಂದೇಬಿಟ್ಟಿತು. ಅಪ್ಪ ಶೆಡ್ಡಿನಲ್ಲಿ ಎರಡು ಮಗ್ಗಗಳ ನಡುವೆ ನನಗಾಗಿ ಒಂದು ಸ್ಟೂಲ್ ತಂದಿಟ್ಟ.

ಸ್ಟೂಲ್ ನೋಡಿದ ಗಾಬರಿಯಲ್ಲಿ ನನ್ನ ಕಣ್ಣು ಟ್ರಂಕಿನ ಮೇಲಿದ್ದ ಕೌದಿಯ ಮೇಲೆ ಬಿತ್ತು. ಮುಧೋಳದಲ್ಲಿರುವ ನನ್ನ ಅಕ್ಕನ ಕೂಸಿಗೆಂದು ಅವ್ವ ಹಳೇ ಸೀರೆಗಳ ತುಂಡು ಕೂಡಿಸಿ ಹೊಲಿದಿದ್ದ ತೊಟ್ಟಿಲ ಕೌದಿ. ದಪ್ಪ, ಮೆತ್ತಗೆ, ನಾಲ್ಕು ಮೂಲೆಗೂ ಕೆಂಪು ಕುಚ್ಚು. ಅಳತೆ ಮಾಡಿ ಹೊಲಿದಂತೆ ಕಂಪ್ಯೂಟರಿಗೆ ಸರಿಹೊಂದುತ್ತಿತ್ತು. ಕೂಸಿಗೆ ಹೊದಿಸಿದರೆ ಕೂಸು ಸುಮ್ಮನಾಗುತ್ತದೆ, ಕಂಪ್ಯೂಟರ್ ಯಾಕಾಗಬಾರದು ಎಂದು ತರ್ಕಿಸಿದೆ. ವೈರುಗಳಿಗೆ ದಾರಿ ಬೇಕಲ್ಲ, ಕತ್ತರಿಯಿಂದ ಹಿಂದೆ ಸಣ್ಣದೊಂದು ಕಿಂಡಿ ಮಾಡಿದೆ. ಕಿಂಡಿ ಸಾಲಲಿಲ್ಲ. ಬಾಗಿಲು ಮಾಡಿದೆ.

ಇನ್ನೊಂದು ತೊಡಕಿತ್ತು. ಕರೆಂಟು ಹೋದ ಕೂಡಲೇ ಯು.ಪಿ.ಎಸ್. ಪೀಂ, ಪೀಂ ಎಂದು ಅಳುತ್ತಿತ್ತು. ಅವ್ವ ರೊಟ್ಟಿಗೆ ನಾದಿಟ್ಟಿದ್ದ ಹಿಟ್ಟಿನಲ್ಲಿ ಒಂದು ಉಂಡೆ ಕದ್ದು, ಪೀಂ ಬರುವ ತೂತಿಗೆ ಮೆತ್ತಿದೆ. ಆಮೇಲೆ ಅದು ದೂರದ ಸೊಳ್ಳೆಯಷ್ಟೇ ಅಳುತ್ತಿತ್ತು.

ಊಟದ ಹೊತ್ತಿಗೆ ಕರೆಂಟು ಹೋಯಿತು. ಓಣಿಯ ಮಗ್ಗಗಳು ಒಂದೊಂದಾಗಿ ಉಸಿರು ಬಿಟ್ಟವು. ನಾನು ತುತ್ತು ಬಿಟ್ಟು ಓಡಿದೆ. ಕೌದಿಯೊಳಗಿನ ಕಂಪ್ಯೂಟರ್ ಗುಡಿಯಂತೆ ಶಾಂತವಾಗಿತ್ತು. ನನ್ನ ಬಾಯಲ್ಲಿ ಕಂಡಕ್ಟರ್ ಬಂದು ಹೋದ. ಗಂಗಕ್ಕ ಬದನೆಕಾಯಿ ಕೊಂಡಳು, ಈ ಸಲ ಇಲಿ ಕಂಡ ದನಿಯಲ್ಲಿ. ನೂಲಿನ ವ್ಯಾಪಾರಿಯ ಜೊತೆ ಅಪ್ಪ ಜಗಳ ಶುರು ಮಾಡುವ ಹೊತ್ತಿಗೆ ಕೌದಿಯೊಳಗೆ ಸೆಕೆಯಾಗಿ, ಫ್ಯಾನು ಗಾಬರಿಬಿದ್ದು ಜೋರಾಗಿ ತಿರುಗತೊಡಗಿತು. ತಿರುಗಿದ ರಭಸಕ್ಕೆ ಒಂದು ಕೆಂಪು ಕುಚ್ಚನ್ನು ಒಳಗೆಳೆದುಕೊಂಡಿತು. ಖಟ-ಪಟ, ಖಟ-ಪಟ, ಖಟ-ಪಟ. ತಾಳ ತಪ್ಪದ ಸದ್ದು.

ನಿಲ್ಲಿಸಿ ಮತ್ತೆ ಮಾಡೋಣವೆಂದರೆ ಬ್ಯಾಟರಿ ಮುಗಿಯುತ್ತ ಬಂದಿತ್ತು. ಹಲ್ಲು ಕಚ್ಚಿ, ಆ ಖಟ-ಪಟದ ಮೇಲೆಯೇ ಕೂಗುತ್ತ ಜಗಳ ಮುಗಿಸಿದೆ. ಸೇವ್ ಒತ್ತಿದೆ. ಬಾಗಿಲಲ್ಲಿ ಅವ್ವ ನಿಂತಿದ್ದಳು.

"ಏನೋ ಸುಟ್ಟ ವಾಸನಿ ಬರಾಕತ್ತೈತಿ?"

ನನ್ನ ಬದಲು ಕೌದಿಯೇ ಉತ್ತರಿಸಿತು, ಸಣ್ಣ ಹೊಗೆಯ ಮೂಲಕ. ಅವ್ವ ಅದನ್ನು ಹಿಡಿದೆಳೆದಳು. ಕುಚ್ಚು ಫ್ಯಾನಿನಲ್ಲೇ ಉಳಿಯಿತು, ಫ್ಯಾನು ಅಲ್ಲೇ ನಿಂತಿತು, ಕಂಪ್ಯೂಟರ್ ಕಣ್ಣು ಮುಚ್ಚಿತು. ಅವ್ವ ಕೌದಿಯ ಬಾಗಿಲಿನೊಳಗಿಂದ ನನ್ನನ್ನು ನೋಡಿದಳು.

"ಕೂಸಿನ ಕೌದಿ ಅಲ್ಲೇನೋ ಇದು?"

"ಹೌದಬೇ."

"ಸೂಜಿ ದಾರ ಟ್ರಂಕಿನ್ಯಾಗ ಅದಾವು. ಕುಂದರು."

ಅಂದು ಸಂಜೆ ಅಂಗಳದಲ್ಲಿ ಕೂತು ಕೌದಿಗೆ ತೇಪೆ ಹಾಕುತ್ತಿದ್ದ ನನ್ನನ್ನು ನೋಡಲು ಓಣಿಯೆಲ್ಲ ಬಂತು. "ಇದು ಯಾರ ಮಿಮಿಕ್ರಿಪಾ, ನಿಮ್ಮವ್ವಂದೇನು?" ಎಂದು ಗಂಗಕ್ಕ ಮೆಲ್ಲಗೆ ಕೇಳಿದಳು. ಅಂದರೆ ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತು.

ಬಸ್ಯಾ ಅದೇ ಸಂಜೆ ಕಂಪ್ಯೂಟರನ್ನು ಜಮಖಂಡಿಗೆ ಒಯ್ದು, ಹೊಸ ಫ್ಯಾನು ಹಾಕಿಸಿಕೊಂಡು ತಂದ. ಇನ್ನೊಮ್ಮೆ ರೆಕಾರ್ಡ್ ಮಾಡಲು ಶನಿವಾರ ಬೆಳಗಿನಿಂದ ಕೊರಿಯರ್ ಅಂಗಡಿ ಮುಚ್ಚುವವರೆಗೆ, ಕರೆಂಟು ಹೋಗಲಿ ಎಂದು ದೇವರಿಗೆ ಕೈಮುಗಿದ ನೇಕಾರರ ಮಗ ನಾನೊಬ್ಬನೇ ಇರಬೇಕು. ಹೋಗಲಿಲ್ಲ. ಖಟ-ಪಟದ ಸಮೇತ ಸಿ.ಡಿ. ಕಳಿಸಿ, ಶೆಡ್ಡಿಗೆ ಹೋಗಿ ಆ ಸ್ಟೂಲಿನ ಮೇಲೆ ಕೂತು ನೋಡಿದೆ. ಒಂದು ಕಾಲು ಗಿಡ್ಡವಿತ್ತು.

ಕೆಲವು ದಿನ ಕಳೆದ ಮೇಲೆ ಅಪ್ಪನ ಮೊಬೈಲಿಗೆ ಫೋನು ಬಂತು, ನಾನೇ ಎತ್ತಿದೆ. ರೇಡಿಯೋದವರು.

"ಕಂಡಕ್ಟರ್ ದನಿ ಎಲ್ಲಾರೂ ತಗೀತಾರ್ರೀ. ಆ ಹೆಣ್ಣಮಗಳ ದನಿ ಬಾಳ ಅತಿ ಆತು, ಅಂಥಾರು ಯಾರೂ ಇರಂಗಿಲ್ಲ."

ನನ್ನ ಕಣ್ಣೆದುರು ಸ್ಟೂಲ್ ಬಂತು.

"ಆದ್ರ ಕಡೀಕ ಒಂದ ಬಾಯಿಲೆ ಮಗ್ಗಾನೂ ಬಡೀತೀರಿ, ಜಗಳಾನೂ ಮಾಡ್ತೀರಿ ನೋಡ್ರಿ, ಅದನ್ನ ಇಲ್ಲಿ ಎಲ್ಲಾರೂ ಎರಡೆರಡು ಸಲ ಕೇಳೀವಿ. ಅದು ಹೆಂಗ ಮಾಡಿದ್ರೀ?"

ಪ್ರಾಮಾಣಿಕನಾಗಿರಲು ಇದೊಂದು ಒಳ್ಳೆಯ ಅವಕಾಶವಾಗಿತ್ತು.

"ರೂಢಿರೀ" ಎಂದೆ.

"ಮುಂದಿನ ತಿಂಗಳ ಬರ್ರಿ. ನಮ್ಮ ಎದುರಿಗೆ ಮಾಡಿ ತೋರಸ್ರಿ. ಅದೊಂದ ಐಟಂ ಸಾಕು."

ಫೋನಿಟ್ಟ ಮೇಲೆ ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಬಹಳ ಹೊತ್ತು ನಕ್ಕ. ನಕ್ಕು ಮುಗಿಸಿ, ಸ್ಟೂಲಿನ ಗಿಡ್ಡ ಕಾಲಿನ ಕೆಳಗೆ ಒಂದು ಕಟ್ಟಿಗೆ ಚಕ್ಕೆ ಕೊಟ್ಟ. "ಕುಂದರು. ಮಗ್ಗ ಹೆಂಗ ಬಡೀತೈತಿ, ಕೇಳು."

ಅಂದಿನಿಂದ ದಿನವೂ ಬೆಳಿಗ್ಗೆ ಎರಡು ಮಗ್ಗಗಳ ನಡುವೆ ಕೂತು, ಬಾಯಲ್ಲಿ ಖಟ-ಪಟ ಮಾಡುತ್ತಿದ್ದೇನೆ. ಅಪ್ಪ ಪರೀಕ್ಷಕ. "ಇದು ಮಗ್ಗ ಅಲ್ಲ, ಕೆಮ್ಮು" ಎನ್ನುತ್ತಾನೆ. ಇನ್ನೊಮ್ಮೆ ಮಾಡಿದರೆ "ನೂಲ ಹರೀತು" ಎನ್ನುತ್ತಾನೆ. ಯಾವ ಶೆಡ್ಡು ಬೇಡವೆಂದು ಇಷ್ಟೆಲ್ಲ ಹೆಣಗಿದೆನೋ ಅದೇ ಶೆಡ್ಡಿನಲ್ಲಿ ನಾನು ಕೂತಿದ್ದೇನೆ, ಅಪ್ಪ ಹಿಂದೆಂದೂ ಕಾಣದಷ್ಟು ಖುಷಿಯಲ್ಲಿದ್ದಾನೆ. ಕಂಪ್ಯೂಟರ್ ಮಾರುವ ಮಾತು ಸದ್ಯಕ್ಕೆ ಯಾರೂ ಎತ್ತಿಲ್ಲ.

ಹೊಸ ಫ್ಯಾನು ಬಂದಾಗಿನಿಂದ ಕಂಪ್ಯೂಟರ್ ಉಸಿರೆತ್ತುವುದಿಲ್ಲ. ಮನೆಯಲ್ಲಿ ಈಗ ಸದ್ದು ಮಾಡುವುದು ನಾನೊಬ್ಬನೇ. ಉಣ್ಣುವಾಗ ಖಟ-ಪಟ, ಜಳಕ ಮಾಡುವಾಗ ಖಟ-ಪಟ. ನಿನ್ನೆ ಮಧ್ಯಾಹ್ನ ಅವ್ವ ಸ್ವಲ್ಪ ಅಡ್ಡಾಗಿದ್ದಳು. ನಾನು ಪಕ್ಕದಲ್ಲೇ ಅಭ್ಯಾಸಕ್ಕೆ ಕೂತೆ.

"ಆ ಡಬ್ಬಿನ ಛಲೋ ಇತ್ತು" ಎಂದಳು ಕಣ್ಣು ತೆರೆಯದೆ. "ಬಟನ್ ಒತ್ತಿದ್ರ ಬಂದ್ ಆಗ್ತಿತ್ತು."

ಆಮೇಲೆ ಎದ್ದುಬಂದು ನನ್ನ ತಲೆಯ ಮೇಲೆ ಕೌದಿ ಹಾಕಿದಳು. ನಾನು ತೇಪೆ ಹಾಕಿದ ಅದೇ ಕೌದಿ. ಅದನ್ನು ಕೂಸಿಗೆ ಕಳಿಸಿದರೆ ಬೀಗರೆದುರು ಮರ್ಯಾದೆ ಹೋಗುತ್ತದೆಂದು ಅವಳು ಕೂಸಿಗೆ ಬೇರೆಯೇ ಹೊಲಿದು ಕಳಿಸಿದ್ದಾಳೆ. ತೊಟ್ಟಿಲಿನ ಅಳತೆಯದಾದರೂ ನನ್ನ ತಲೆಗೆ ಧಾರಾಳವಾಗಿ ಸಾಲುತ್ತದೆ.

ಒಳಗೆ ಬಹಳ ಸೆಕೆ. ಪಾಪ, ಆ ಫ್ಯಾನು ಅಂದು ಹಾಗೇಕೆ ಬಡಕೊಂಡಿತೆಂದು ನನಗೆ ಈಗ ತಿಳಿಯುತ್ತಿದೆ.