ಪೂರ್ತಿ ನೋಡದವರು ಬಾಯಿ ಹಾಕುವಂತಿಲ್ಲ

"ಇನ್ಮೇಲೆ ನನ್ನ ಕ್ಲಾಸಲ್ಲಿ ನಾನು ಮಾತಾಡಲ್ಲ, ಮಕ್ಕಳು ಮಾತಾಡ್ತಾರೆ!" ಎಂದು ವಿಜ್ಞಾನದ ಮೇಷ್ಟ್ರು ಶಿಕ್ಷಕರ ಕೊಠಡಿಯಲ್ಲಿ ಘೋಷಿಸಿದಾಗ, ಎದುರು ಕೂತಿದ್ದ ಗಣಿತದ ಮೇಷ್ಟ್ರಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಈ ಮನುಷ್ಯ ಮಾತಾಡದೆ ಇರುವುದೆಂದರೆ ಸಾಮಾನ್ಯ ಸಂಗತಿಯೇ!

ವಿಜ್ಞಾನದ ಮೇಷ್ಟ್ರು ಆಗಷ್ಟೇ ಮಿಶ್ರ ಕಲಿಕೆಯ ತರಬೇತಿ ಮುಗಿಸಿಕೊಂಡು ಬಂದಿದ್ದರು. ಪಾಠದ ವಿಡಿಯೊವನ್ನು ಮಕ್ಕಳು ಮನೆಯಲ್ಲೇ ನೋಡಬೇಕು, ಶಾಲೆಯ ಆನ್‌ಲೈನ್ ಪುಟದಲ್ಲಿ ಅದರ ಬಗ್ಗೆ ಬರೆದು ಚರ್ಚಿಸಬೇಕು, ಆ ಚರ್ಚೆಯನ್ನೇ ಹಿಡಿದು ತರಗತಿಯಲ್ಲಿ ಪಾಠ ಮುಂದುವರಿಯಬೇಕು. ಮುಖ್ಯೋಪಾಧ್ಯಾಯಿನಿ ಎಲ್ಲವನ್ನೂ ಕೇಳಿ, "ಆಗ್ಲಿ ಮೇಷ್ಟ್ರೇ. ಸೋಮವಾರ ನಾನೇ ಬಂದು ಹಿಂದಿನ ಬೆಂಚಲ್ಲಿ ಕೂರ್ತೀನಿ. ಮಕ್ಕಳು ಬಾಯಿ ಬಿಟ್ರೆ ಮುಂದುವರಿಸಿ. ಇಲ್ಲಾಂದ್ರೆ ಸುಮ್ನೆ ಸೀಮೆಸುಣ್ಣ ಹಿಡ್ಕೊಳ್ಳಿ" ಎಂದರು.

ಇದು ಬರೀ ಜಂಬದ ವಿಷಯವಾಗಿರಲಿಲ್ಲ. "ಅರ್ಥ ಆಯ್ತಾ?" ಎಂದರೆ ಇಡೀ ತರಗತಿ "ಆಯ್ತು ಸಾರ್" ಎಂದು ರಾಗ ಎಳೆದು ಮತ್ತೆ ಬಾಯಿಗೆ ಬೀಗ ಜಡಿದುಕೊಳ್ಳುತ್ತಿತ್ತು. ಕಿಟಕಿ ಪಕ್ಕ ಕೂರುವ ಹುಡುಗಿಗಂತೂ ಮೌನಗೌರಿ ಎಂದೇ ಹೆಸರು; ಹಾಜರಿ ಕೂಗಿದಾಗ ಬಿಟ್ಟರೆ ಅವಳ ದನಿ ಹೇಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ತಾನು ಇಷ್ಟು ವರ್ಷ ಗೋಡೆಗೆ ಪಾಠ ಮಾಡಿದೆನೇನೋ ಎಂಬ ಕೊರಗು ಮೇಷ್ಟ್ರನ್ನು ಒಳಗೊಳಗೇ ತಿನ್ನುತ್ತಿತ್ತು.

ಶುಕ್ರವಾರ ಸಂಜೆ ಅಡುಗೆಮನೆಯೇ ಸ್ಟುಡಿಯೊ ಆಯಿತು. ಪಾಠ: ನೀರಿನ ಒತ್ತಡ. ಮೇಷ್ಟ್ರು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಮೇಲಿಂದ ಕೆಳಕ್ಕೆ ಮೂರು ತೂತು ಕೊರೆದ ಬಾಟಲಿಗೆ ನೀರು ತುಂಬಿ ತೋರಿಸಿದರು. ಕೆಳಗಿನ ತೂತಿನ ನೀರು ಎಲ್ಲಕ್ಕಿಂತ ದೂರ ಚಿಮ್ಮಿ ಅವರ ಅಂಗಿಯನ್ನು ತೋಯಿಸಿತು. ಕೊನೆಗೊಂದು ಕಲ್ಪಿತ ಜಗಳ: ಮೇಲಿನ ಮಹಡಿಯವನು ಮತ್ತು ಕೆಳಗಿನ ಮನೆಯವನು ನೀರಿಗಾಗಿ ಕಿತ್ತಾಡುತ್ತಾರೆ. ಎರಡೂ ಪಾತ್ರ ಮೇಷ್ಟ್ರದೇ! ತಮ್ಮ ಅಭಿನಯಕ್ಕೆ ತಾವೇ ಮಾರುಹೋದ ಮೇಷ್ಟ್ರು ರೆಕಾರ್ಡಿಂಗ್ ನಿಲ್ಲಿಸುವುದನ್ನೇ ಮರೆತುಬಿಟ್ಟರು.

ಅಷ್ಟರಲ್ಲಿ ಅವರ ಹೆಂಡತಿ ಒಳಗೆ ಬಂದರು.

"ರೀ, ಈ ನಲ್ಲಿ ಇನ್ನೂ ಸೋರ್ತಾನೇ ಇದೆ. ರಿಪೇರಿ ಮಾಡ್ದೆ ಅಂದ್ರಲ್ಲ?"

"ಮಾಡಿದ್ದೀನಿ ಕಣೇ. ಇದು ಒತ್ತಡದ ಸಮಸ್ಯೆ. ಇಡೀ ಬೀದಿಗೇ ಇದೆ."

"ಇಡೀ ಬೀದಿ ನಲ್ಲಿನ ನೀವು ರಿಪೇರಿ ಮಾಡಿಲ್ವಲ್ಲ! ನೀವು ಮುಟ್ಟೋಕೆ ಮುಂಚೆ ಹನಿ ಬೀಳ್ತಿತ್ತು, ಈಗ ಧಾರೆ ಬೀಳ್ತಿದೆ. ನಲ್ಲಿ ರಿಪೇರಿಯವರನ್ನ ಕರೀತೀನಿ."

"ವಿಜ್ಞಾನದ ಮೇಷ್ಟ್ರ ಮನೆಗೆ ನಲ್ಲಿ ರಿಪೇರಿಯವರಾ? ನೋಡಿದೋರು ಏನಂದ್ಕೋತಾರೆ!"

ಹೆಂಡತಿ ನಲ್ಲಿಯ ಕೆಳಗಿಟ್ಟಿದ್ದ ಪಾತ್ರೆಯ ನೀರು ಚೆಲ್ಲಿ, ಅದನ್ನು ಮತ್ತೆ ಅಲ್ಲೇ ಕುಕ್ಕಿ ಹೊರಟುಹೋದರು. ಮೇಷ್ಟ್ರು ಪ್ಯಾಂಟಿನ ಜೇಬಿನಿಂದ ಪುಟ್ಟದೊಂದು ರಬ್ಬರ್ ವಾಷರ್ ತೆಗೆದು ನಿಟ್ಟುಸಿರು ಬಿಟ್ಟರು. "ಇದನ್ನ ಹಾಕೋದೇ ಮರ್ತೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಈಗ ಬಿಚ್ಚೋಕೆ ಕೂತ್ರೆ ಗುಟ್ಟು ರಟ್ಟಾಗುತ್ತೆ" ಎಂದು ತಮ್ಮಷ್ಟಕ್ಕೆ ಗೊಣಗಿ, ಅದನ್ನು ಮತ್ತೆ ಜೇಬಿಗೆ ಸೇರಿಸಿದರು. ಆಮೇಲೆ ಫೋನ್ ನೆನಪಾಗಿ, ಗುಂಡಿ ಒತ್ತಿ, ವಿಡಿಯೊವನ್ನು ಹಾಗೆಯೇ ಶಾಲೆಯ ಪುಟಕ್ಕೆ ಏರಿಸಿಬಿಟ್ಟರು. ತಾನೇ ಮಾಡಿದ ಪಾಠವನ್ನು ತಾನೇ ನೋಡುವುದೇ?

ಕೆಳಗೆ ಗತ್ತಿನಿಂದ ಬರೆದರು: "ವಿಡಿಯೊದ ಕೊನೆಯಲ್ಲಿ ಇಬ್ಬರು ವಾದ ಮಾಡುತ್ತಾರೆ. ಯಾರ ವಾದ ಸರಿ? ಸಾಕ್ಷ್ಯ ಸಮೇತ ಚರ್ಚಿಸಿ. ಎಚ್ಚರಿಕೆ! ಪೂರ್ತಿ ನೋಡದವರು ಬಾಯಿ ಹಾಕುವಂತಿಲ್ಲ." ಹೆಂಡತಿಗೂ ಆ ಪುಟ ಕಳಿಸಿ, "ನೀನೂ ನೋಡು. ನಿನ್ನ ಗಂಡ ಏನು ಅಂತ ಗೊತ್ತಾಗ್ಲಿ" ಎಂದರು.

ಶನಿವಾರ ಬೆಳಗಾಗುವುದರೊಳಗೆ ಉತ್ತರಗಳ ಸುರಿಮಳೆ! ಹತ್ತಾಯಿತು, ಇಪ್ಪತ್ತಾಯಿತು, ನಲವತ್ತು ದಾಟಿತು. ಶಿಕ್ಷಕರು ನಡುವೆ ಮೂಗು ತೂರಿಸಿದರೆ ಮಕ್ಕಳು ಮುದುಡಿಕೊಳ್ಳುತ್ತಾರೆ ಎಂದು ತರಬೇತಿಯಲ್ಲಿ ಹೇಳಿದ್ದರಿಂದ ಮೇಷ್ಟ್ರು ಒಂದನ್ನೂ ತೆರೆದು ಓದಲಿಲ್ಲ. ಎರಡು ದಿನವೂ ಏರುವ ಸಂಖ್ಯೆಯನ್ನಷ್ಟೇ ಕಣ್ತುಂಬಿಕೊಂಡರು.

"ವಿಡಿಯೊ ನೋಡಿದ್ಯಾ?" ಎಂದು ಹೆಂಡತಿಯನ್ನು ಕೇಳಿದರು.

"ಪೂರ್ತಿ ನೋಡ್ದೆ. ಕೊನೇಲಂತೂ ಎಂಥ ಸಹಜಾಭಿನಯ ರೀ!" ಎಂದು ಅವರು ಮುಖ ಆಚೆ ತಿರುಗಿಸಿಕೊಂಡರು. ಮೇಷ್ಟ್ರು ಉಬ್ಬಿಹೋದರು.

ಸೋಮವಾರ ಮುಖ್ಯೋಪಾಧ್ಯಾಯಿನಿ ಹಿಂದಿನ ಬೆಂಚಿನಲ್ಲಿ ಆಸೀನರಾದರು. ಮೇಷ್ಟ್ರು ಪುಟದ ಚರ್ಚೆಯನ್ನು ಪ್ರೊಜೆಕ್ಟರ್‌ನಿಂದ ಗೋಡೆಯ ಮೇಲೆ ಮೂಡಿಸಿ, ಮೊದಲ ಉತ್ತರವನ್ನು ಗಟ್ಟಿಯಾಗಿ ಓದಿದರು: "ಮೇಡಂ ವಾದವೇ ಸರಿ. ಒತ್ತಡ ಇಡೀ ಬೀದಿಗೆ ಒಂದೇ ಇದ್ದರೆ, ಸರ್ ರಿಪೇರಿ ಮಾಡಿದ ಮೇಲೆ ಮಾತ್ರ ಸೋರಿಕೆ ಹೆಚ್ಚಾದದ್ದು ಹೇಗೆ?"

"ಯಾವ ಮೇಡಂ?" ಎಂದು ಕೇಳುತ್ತಲೇ ಎರಡನೆಯದಕ್ಕೆ ಕಣ್ಣು ಹೋಯಿತು. "ಸಾಕ್ಷ್ಯ: ಸರ್ ಜೇಬಿನಲ್ಲಿರುವ ವಾಷರ್!" ಮೂರನೆಯವನು ನಲ್ಲಿಯ ಚಿತ್ರವನ್ನೇ ಬರೆದು, ಮೊದಲು ನೀರು ನಿಲ್ಲಿಸಿ, ಇಲ್ಲಿ ಬಿಚ್ಚಿ, ಇಲ್ಲಿ ವಾಷರ್ ಕೂರಿಸಿ ಎಂದು ಬಾಣ ಹಾಕಿದ್ದ.

ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕೈ ತಾನಾಗಿ ಜೇಬಿಗೆ ಹೋಯಿತು. ವಾಷರ್ ಅಲ್ಲೇ ಇತ್ತು.

"ಸಾರ್, ನೀವು ವಿಡಿಯೊ ಪೂರ್ತಿ ನೋಡಿಲ್ವಾ?" ಎಂದು ಮುಂದಿನ ಬೆಂಚಿನವನು ಕೇಳಿದ್ದೇ ತಡ, ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಕೊನೇದನ್ನೂ ಓದಿ ಮೇಷ್ಟ್ರೇ" ಎಂದರು ಮುಖ್ಯೋಪಾಧ್ಯಾಯಿನಿ.

ಕೊನೆಯದು ಮೌನಗೌರಿಯದು. "ತಪ್ಪು ಸರ್ ಅವರದೇ. ಆದರೆ ನಗಬೇಡಿ. ಎಲ್ಲರೂ ಏನಂದುಕೊಳ್ಳುತ್ತಾರೋ ಎಂದು ಅವರಿಗೆ ಭಯ. ನಾನು ತರಗತಿಯಲ್ಲಿ ಉತ್ತರ ಹೇಳದೆ ಇರುವುದೂ ಅದಕ್ಕೇ."

ನಗು ಗಪ್ಪನೆ ನಿಂತಿತು. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಮೇಷ್ಟ್ರು ವಾಷರನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ತಪ್ಪು ನಂದೇ. ಹಾಕೋದು ಮರ್ತೆ, ಹೇಳೋಕೆ ನಾಚಿಕೆ ಆಯ್ತು. ಈಗ ನೀನು ಹೇಳಮ್ಮ, ಇದಿಲ್ದಿದ್ರೆ ಯಾಕೆ ಸೋರುತ್ತೆ? ತಪ್ಪಾದ್ರೂ ಪರವಾಗಿಲ್ಲ, ನನ್ನಷ್ಟು ತಪ್ಪಾಗಲ್ಲ."

ಹುಡುಗಿ ನಿಧಾನವಾಗಿ ಎದ್ದಳು. "ನೀರು ಒತ್ತುತ್ತೆ ಸಾರ್... ಸಂದು ಸಿಕ್ಕಿದ ಕಡೆ ನುಗ್ಗುತ್ತೆ. ವಾಷರ್ ಮೆತ್ತಗಿರುತ್ತಲ್ಲ, ಬಿಗಿ ಮಾಡಿದಾಗ ಸಂದು ಮುಚ್ಕೊಳ್ಳುತ್ತೆ."

"ಹಾಗಾದ್ರೆ ಬಟ್ಟೆ ಸುತ್ತಿದ್ರೂ ಆಗುತ್ತಲ್ವಾ?" ಎಂದು ಇನ್ನೊಬ್ಬ ಎದ್ದ. "ಬಟ್ಟೇಲಿ ನೀರು ಇಳಿಯಲ್ವೇನೋ!" ಎಂದು ಮೌನಗೌರಿಯೇ ತಿರುಗಿಬಿದ್ದಳು. ಗಂಟೆ ಬಾರಿಸಿದ್ದು ಯಾರಿಗೂ ಕೇಳಿಸಲಿಲ್ಲ.

"ಮುಂದುವರಿಸಿ ಮೇಷ್ಟ್ರೇ" ಎಂದರು ಮುಖ್ಯೋಪಾಧ್ಯಾಯಿನಿ, ಹೊರಡುತ್ತಾ. "ಮುಂದಿನ ಪಾಠಕ್ಕೆ ಮನೇಲಿ ಯಾವ ಜಗಳ ಇಟ್ಕೊಂಡಿದ್ದೀರಿ?"

ಸಂಜೆ ಮೇಷ್ಟ್ರು ನೇರವಾಗಿ ಅಡುಗೆಮನೆಗೆ ಹೋಗಿ ಹೆಂಡತಿಯ ಮುಂದೆ ಅಂಗೈ ಚಾಚಿದರು. "ತಪ್ಪು ನಂದು ಕಣೇ. ತಗೋ, ಇದೇ ವಾಷರ್. ಈಗ್ಲೇ ಹಾಕ್ತೀನಿ."

ಹೆಂಡತಿ ನಲ್ಲಿಯತ್ತ ಬೆರಳು ತೋರಿಸಿದರು. ಒಂದು ಹನಿಯೂ ಬೀಳುತ್ತಿರಲಿಲ್ಲ! ಪಾತ್ರೆ ಒಣಗಿ ಬೋರಲಾಗಿ ಕೂತಿತ್ತು.

"ಯಾರನ್ನ ಕರೆಸಿದ್ದೆ?"

"ಯಾರನ್ನೂ ಇಲ್ಲ. ಶನಿವಾರನೇ ಅಂಗಡಿಯಿಂದ ವಾಷರ್ ತಂದು, ನಿಮ್ಮ ಹುಡುಗ ಬರೆದ ಚಿತ್ರ ನೋಡ್ಕೊಂಡು ನಾನೇ ಹಾಕ್ದೆ. ನೀವು ಫೋನಲ್ಲಿ ಸಂಖ್ಯೆ ನೋಡ್ತಾ ಇಲ್ಲೇ ನಿಂತಿದ್ರಿ."

ಹೆಂಡತಿ ಅವರ ಅಂಗೈಯನ್ನು ವಾಷರ್ ಸಮೇತ ಮೆಲ್ಲಗೆ ಮಡಿಸಿದರು.

"ನಿಮ್ಮ ಪಾಠ ತುಂಬಾ ಚೆನ್ನಾಗಿದೆ ರೀ. ಮಕ್ಕಳು ಕಲಿತ್ರು, ನಾನೂ ಕಲ್ತೆ. ಈಗ ನೀವೂ ಒಂದ್ಸಲ ನೋಡ್ಬಿಡಿ. ಪೂರ್ತಿ!"