ತಿನ್ನಬಹುದು

ಎಲ್ಲ ರಗಳೆಗೂ ಕಾರಣ ಅಂಗೈಯಗಲದ ಒಂದು ಚೀಟಿ. ಸೊನ್ನೆಯಪ್ಪ ಅದನ್ನು ಬೆಳಿಗ್ಗೆಯಿಂದ ಮೂರು ಸಲ ಓದಿದ್ದ, ಮೂರು ಸಲವೂ ಖುಷಿಪಟ್ಟಿದ್ದ.

ಸೊನ್ನೆಯಪ್ಪ ಎಂಬುದು ಪ್ರೆಸ್ಸಿನವರು ಇಟ್ಟ ಹೆಸರು. ಅಲ್ಲಿ ಅವನು ಪ್ರೂಫ್ ತಿದ್ದುತ್ತಿದ್ದ. ದಿನವಿಡೀ ಕೂತು ತಿದ್ದಿ, ಕೂತಲ್ಲೇ ತಿಂದು, ಮೂವತ್ತಾರು ತುಂಬುವಷ್ಟರಲ್ಲಿ ಅಕ್ಷರದ ಪಕ್ಕದ ಸೊನ್ನೆಯಂತೆ ಗುಂಡಗಾಗಿದ್ದ. ಎರಡು ತಿಂಗಳಿಂದ ಪಾಯಿಖಾನೆಯಲ್ಲಿ ರಕ್ತ ಕಾಣುತ್ತಿತ್ತು. ಮೂಲವ್ಯಾಧಿ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮುಚ್ಚಿಟ್ಟಿದ್ದ. ಹೆಂಡತಿ ಹೇಗೋ ಕಂಡುಹಿಡಿದು, ಚೆನ್ನಾಗಿ ಬೈದು, ಡಾಕ್ಟರ ಹತ್ತಿರ ಎಳೆದೊಯ್ದಿದ್ದಳು.

“ಸೊಂಟ ನಲವತ್ತೆರಡು ಇಂಚು, ಸಕ್ಕರೆ ಜಾಸ್ತಿ, ಬಿ.ಪಿ.ಯೂ ಜಾಸ್ತಿ,” ಎಂದಿದ್ದರು ಡಾಕ್ಟರು. “ಇವೆಲ್ಲ ಒಟ್ಟಿಗಿದ್ರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯವೂ ಹೆಚ್ಚು. ಮುಂಚೆ ಇದನ್ನ ವಯಸ್ಸಾದೋರ ಕಾಯಿಲೆ ಅಂತಿದ್ವಿ, ಈಗ ನಿಮ್ಮ ವಯಸ್ಸಿನೋರಲ್ಲೂ ಕಾಣಿಸ್ತಿದೆ. ನಿಮಗೆ ಇರಲೇಬೇಕು ಅಂತೇನಿಲ್ಲ. ಒಳಗೆ ಕ್ಯಾಮೆರಾ ಬಿಟ್ಟು ನೋಡೇಬಿಡೋಣ. ಏನು ಮಾಡಬೇಕು ಅನ್ನೋದೆಲ್ಲ ಚೀಟೀಲಿದೆ, ಹಾಗೇ ಮಾಡಿ.”

ಅಂದಿನಿಂದ ಸೊನ್ನೆಯಪ್ಪನ ಜೀವದಲ್ಲಿ ಜೀವ ಇರಲಿಲ್ಲ. ಐದು ವರ್ಷದ ಮಗಳು ಹೊಟ್ಟೆಯ ಮೇಲೆ ತಲೆಯಿಟ್ಟು ಮಲಗಿದರೆ, ನಾಳೆ ಇವಳನ್ನು ಶಾಲೆಗೆ ಯಾರು ಬಿಡುತ್ತಾರೆ ಎಂದು ಕಣ್ಣು ತುಂಬಿಕೊಳ್ಳುತ್ತಿದ್ದ.

ಪರೀಕ್ಷೆ ಇವತ್ತು ಸಂಜೆ ನಾಲ್ಕಕ್ಕೆ. ಹೊಟ್ಟೆ ತೊಳೆಯುವ ಔಷಧಿಯ ಜೊತೆ ಬಂದ ಚೀಟಿಯಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: ‘ಪರೀಕ್ಷೆಯ ದಿನ ಗಟ್ಟಿ ಆಹಾರ ತಿನ್ನಬಹುದು.’

“ಯಾಕೋ ಸರಿ ಕಾಣಲ್ಲ ರೀ,” ಎಂದಳು ಹೆಂಡತಿ. “ನಮ್ಮ ಚಿಕ್ಕಮ್ಮಂಗೆ ಬರೀ ನೀರು ಕುಡಿಸಿದ್ರು.”

“ನಿಮ್ಮ ಚಿಕ್ಕಮ್ಮನ ಕಾಲ ಬೇರೆ. ಅಚ್ಚಾಗಿ ಬಂದಮೇಲೆ ಮುಗೀತು. ನಾಲ್ಕು ಜನ ನೋಡಿ, ತಿದ್ದಿಯೇ ಅಚ್ಚಿಗೆ ಕೊಟ್ಟಿರ್ತಾರೆ,” ಎಂದು ಸೊನ್ನೆಯಪ್ಪ ಆರು ತುಂಡು ಬ್ರೆಡ್ಡು, ಎರಡು ಮೊಟ್ಟೆ ಮುಗಿಸಿ, ಮೇಲೆ ಔಷಧಿ ಕುಡಿದು ಪ್ರೆಸ್ಸಿಗೆ ಹೊರಟ. ಬಸ್ಸುಗಳ ಹೊಸ ವೇಳಾಪಟ್ಟಿಯ ಪ್ರೂಫ್ ಇವತ್ತೇ ಬೇಕೆಂದು ಯಜಮಾನರು ಹಟ ಹಿಡಿದಿದ್ದರು.

ಪ್ರೆಸ್ಸಿನಲ್ಲಿ ಇದ್ದದ್ದು ಒಂದೇ ಪಾಯಿಖಾನೆ. ಅದರ ಚಿಲಕ ಕೆಟ್ಟು ವರ್ಷವಾಗಿತ್ತು. ಒಳಗಿದ್ದವರು ಏನಾದರೂ ಮಾತಾಡುತ್ತಿರಬೇಕು ಎಂಬುದು ಅಲ್ಲಿಯ ನಿಯಮ. ಹತ್ತು ಗಂಟೆಗೆ ಔಷಧಿ ಕೆಲಸ ಶುರುಮಾಡಿತು. ಸೊನ್ನೆಯಪ್ಪ ಪ್ರೂಫ್ ಸಮೇತ ಒಳಗೆ ಓಡಿದ.

“ಆರು ಹದಿನೈದು, ಆರು ನಲವತ್ತು, ಏಳು ಐದು,” ಎಂದು ಒಳಗಿನಿಂದ ವೇಳಾಪಟ್ಟಿ ಕೇಳಿಬಂತು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅವನು ಒಂಬತ್ತು ಸಲ ಹೋಗಿ ಬಂದು, ರಾತ್ರಿಯ ಕೊನೆಯ ಬಸ್ಸಿನವರೆಗೂ ಓದಿ ಮುಗಿಸಿದ್ದ.

“ಮುಖ ನೋಡು, ಹಿಂಡಿದ ಬಟ್ಟೆ ಆಗಿದೆ,” ಎಂದು ಬೈಂಡಿಂಗ್ ಕೆಲಸದ ಅಕ್ಕ ಬಾಳೆಹಣ್ಣು ತಂದಿಟ್ಟಳು. “ತಿನ್ನಪ್ಪ.”

“ತಿನ್ನಬಹುದಾ ಅಕ್ಕ?”

ಚೀಟಿ ಕೈಯಿಂದ ಕೈಗೆ ಹೋಯಿತು. ಅಕ್ಕ ಓದಿದಳು, ಯಜಮಾನರೂ ಓದಿದರು. “ಬಹುದು ಅಂತಿದೆಯಲ್ಲಯ್ಯ, ಇನ್ನೇನು ಕೇಳೋದು,” ಎಂದು ಯಜಮಾನರು ತಮ್ಮ ಬಿಸ್ಕತ್ತಿನ ಪೊಟ್ಟಣವನ್ನೂ ಮುಂದಿಟ್ಟರು. ಸೊನ್ನೆಯಪ್ಪ ಯಾರ ಮಾತನ್ನೂ ತೆಗೆದುಹಾಕಲಿಲ್ಲ.

ನಾಲ್ಕಕ್ಕೆ ಹೆಂಡತಿಯ ಜೊತೆ ಆಸ್ಪತ್ರೆಗೆ ಹೋದಾಗ ನರ್ಸಮ್ಮ ಕೇಳಿದರು, “ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ?”

ಸೊನ್ನೆಯಪ್ಪ ಒಂದೊಂದಾಗಿ ಹೇಳಿದ. ನರ್ಸಮ್ಮ ಹಣೆ ಚಚ್ಚಿಕೊಂಡರು. “ನೀವೂ ತಿಂದ್ಬಿಟ್ರಾ! ಇವತ್ತು ನಾಲ್ಕನೆಯೋರು ನೀವು. ಹೊಟ್ಟೆ ತುಂಬಿದ್ರೆ ಕ್ಯಾಮೆರಾಗೆ ಏನ್ರೀ ಕಾಣತ್ತೆ? ಇನ್ನು ನಾಡಿದ್ದೇ. ಮತ್ತೆ ಔಷಧಿ ಕುಡಿದು ಬನ್ನಿ.”

ಹೊರಗಿನ ಬೆಂಚಿನ ಮೇಲೆ ಹಾಗೆಯೇ ತಿಂದು ಬಂದು ಪರೀಕ್ಷೆ ತಪ್ಪಿದ ಮೂವರು ಕೂತಿದ್ದರು. ಅವರಲ್ಲಿ ಒಬ್ಬರು ಮೇಷ್ಟ್ರು ಚೀಟಿ ಝಾಡಿಸುತ್ತಾ, “ಬಾರದು ಅನ್ನೋ ಕಡೆ ಬಹುದು ಅಂತ ಹಾಕಿದಾರೆ. ಯಾವ ಮನೆಹಾಳ ಇದರ ಪ್ರೂಫ್ ನೋಡಿದ್ನೋ,” ಎಂದರು.

“ಕೆಲಸ ಬರದೋರು ಸಾರ್,” ಎಂದ ಸೊನ್ನೆಯಪ್ಪ, ಕಸುಬಿನ ಅಭಿಮಾನದಿಂದ. “ಇಂಥೋರನ್ನ ಮೊದಲು ಮನೆಗೆ ಕಳಿಸ್ಬೇಕು.” ಅಷ್ಟು ಹೇಳಿ ಚೀಟಿಯನ್ನು ತಿರುಗಿಸಿದ. ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಅವನದೇ ಪ್ರೆಸ್ಸಿನ ಹೆಸರಿತ್ತು.

ದಿನಕ್ಕೆ ನಲವತ್ತು ಪ್ರೂಫ್ ನೋಡುವವನು ಅಕ್ಷರ ನೋಡುತ್ತಾನೆಯೇ ಹೊರತು ವಿಷಯವನ್ನು ನೆನಪಿಟ್ಟುಕೊಳ್ಳುವುದಿಲ್ಲ. ಸೊನ್ನೆಯಪ್ಪ ಮೂಲೆಗೆ ಹೋಗಿ ಯಜಮಾನರಿಗೆ ಫೋನ್ ಮಾಡಿ, ಕಂಪೋಸ್ ಮಾಡಿದವರ ತಪ್ಪಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಯಜಮಾನರು ಹಳೆಯ ಪ್ರೂಫ್ ಹುಡುಕಿ ತೆಗೆದರು.

“ಇಲ್ಲಯ್ಯ, ‘ಬಾರದು’ ಅಂತ ಸರಿಯಾಗೇ ಇತ್ತು. ನೀನೇ ಕೆಂಪು ಶಾಯೀಲಿ ಹೊಡೆದು ‘ಬಹುದು’ ಮಾಡಿದ್ದೀಯ. ಹಾಳೆ ತುಂಬಾ ಎಣ್ಣೆ ಕಲೆ ಬೇರೆ. ತಿಂತಾ ತಿದ್ದಿದ್ಯಾ?”

ಸೊನ್ನೆಯಪ್ಪ ಬೆಂಚಿಗೆ ಮರಳಿ, ಕೈಮುಗಿದು, “ಮೇಷ್ಟ್ರೇ, ಆ ಮನೆಹಾಳ ನಾನೇ,” ಎಂದ. ಮೇಷ್ಟ್ರು ಅವನ ಹೊಟ್ಟೆಯನ್ನೂ ಬಾಡಿದ ಮುಖವನ್ನೂ ನೋಡಿ, ಸ್ವಲ್ಪ ಸರಿದು ಜಾಗ ಕೊಟ್ಟರು. “ಕೂತ್ಕೋಪ್ಪ. ನೀನೂ ತಿಂದೇ ಬಂದಿದ್ದೀಯಲ್ಲ.”

ಹೆಂಡತಿ ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡಳು. “ಊಟ ಬೇಡ ಅನ್ನೋ ಮಾತು ಕಂಡ್ರೆ ನಿಮ್ಮ ಕೈ ತಾನಾಗೇ ತಿದ್ದತ್ತೆ ರೀ.”

ಅವನಿಗೆ ನಗು ಬರಲಿಲ್ಲ. “ಇನ್ನೂ ಎರಡು ದಿನ ಕಾಯ್ಬೇಕಲ್ಲೇ. ನನಗೆ ಹೆದರಿಕೆ ಆಗ್ತಿದೆ.”

“ನನಗೂ ಆಗ್ತಿದೆ,” ಎಂದಳು.

“ಒಳಗೆ ಏನಾದ್ರೂ ಸಿಕ್ಕಿದ್ರೆ?”

“ಸಿಕ್ಕಿದ್ರೆ ತಿದ್ದೋಕೆ ಡಾಕ್ಟ್ರಿದಾರೆ. ನೀವು ಮಾತ್ರ ಕೈ ಹಾಕ್ಬೇಡಿ.”

ಸೊನ್ನೆಯಪ್ಪ ಆ ವಾರದಲ್ಲಿ ಮೊದಲ ಸಲ ನಕ್ಕ. ನಗು ಮುಗಿಯುವ ಮೊದಲೇ ಎದ್ದು ಓಡಬೇಕಾಯಿತು, ಔಷಧಿ ಇನ್ನೂ ಕೆಲಸ ನಿಲ್ಲಿಸಿರಲಿಲ್ಲ.